ಹತ್ತು ಗಂಟೆಗೆ ತಿರುಗಬೇಕು ಎಂದವರು

ಅವರ ಬಲಗಿವಿಯ ಹಾಲೆ ನಡುವೆ ಸೀಳಿ ಎರಡಾಗಿತ್ತು. ಚಿಕ್ಕಂದಿನಲ್ಲಿ ಮೇಕೆಗಳ ಹಿಂದೆ ಓಡುವಾಗ ಜಾಲಿಮುಳ್ಳಿಗೆ ಓಲೆ ಸಿಕ್ಕಿ ಹರಿದದ್ದಂತೆ. ಓಲೆ ಗಿಡದಲ್ಲೇ ಉಳಿಯಿತು, ಮೇಕೆ ಮಾತ್ರ ಸಿಕ್ಕಿತು ಎಂದು ನಗುತ್ತಿದ್ದರು. ಕೊಟ್ಟೂರಿನ ನಮ್ಮ ಕಾಲೇಜಿನಲ್ಲಿ ಸಸ್ಯಶಾಸ್ತ್ರ ವಿಭಾಗದ ಅಟೆಂಡರ್ ಅವರು. ನಾನು ಉಪನ್ಯಾಸಕಿಯಾಗಿ ಸೇರುವಾಗಲೇ ಅವರಿಗೆ ಐವತ್ತು ದಾಟಿತ್ತು. ಎಲ್ಲರೂ ಅಕ್ಕ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ.

ಗಾಜಿನ ಸ್ಲೈಡುಗಳನ್ನು ತೊಳೆದು ಒಂದೊಂದನ್ನೂ ಕಿಟಕಿಯ ಬೆಳಕಿಗೆ ಹಿಡಿದು ನೋಡುವುದು ಅವರ ಅಭ್ಯಾಸ. ಕಲೆ ಕಂಡರೆ ಮತ್ತೆ ತೊಳೆಯುವರು. ನನಗೆ ಗಿಡಗಳ ಲ್ಯಾಟಿನ್ ಹೆಸರು ಗೊತ್ತಿದ್ದರೆ, ಅವರಿಗೆ ಯಾವುದನ್ನು ತಿಂದ ಮೇಕೆ ಹೊಟ್ಟೆ ಉಬ್ಬಿಸಿಕೊಂಡು ಬೀಳುತ್ತದೆ ಎಂಬುದು ಗೊತ್ತಿತ್ತು. "ನಿಮ್ಮ ಹೆಸರು ಬರಿಯಾಕ ಚಂದ ಐತ್ರಿ ಮೇಡಂ, ಕರಿಯಾಕ ಬರಂಗಿಲ್ಲ," ಎನ್ನುವರು.

ಆ ವರ್ಷ ಗಿಡಗಳ ಸಂಗ್ರಹಕ್ಕೆ ಹೊರಟಾಗ ಏಪ್ರಿಲ್ ಬಂದುಬಿಟ್ಟಿತ್ತು. ಕೂಡ್ಲಿಗಿ ಕಡೆಯ ಕುರುಚಲು ಕಾಡಿನ ಗುಡ್ಡ. ಹನ್ನೊಂದು ವಿದ್ಯಾರ್ಥಿಗಳು, ನಾನು, ಮತ್ತು ಆ ಗುಡ್ಡದ ಬುಡದ ಹಳ್ಳಿಯಲ್ಲೇ ಹುಟ್ಟಿದ ಅಕ್ಕ. ಬೆಳಿಗ್ಗೆ ಆರಕ್ಕೆ ಹತ್ತಲು ಶುರುಮಾಡುವ ಮೊದಲೇ ಅವರು ಹೇಳಿದ್ದರು: "ಹತ್ತು ಗಂಟಿಗೆ ಎಲ್ಲಿರ್ತೀವೋ ಅಲ್ಲಿಂದ್ಲೇ ತಿರುಗಬೇಕ್ರಿ. ಆಮ್ಯಾಲೆ ಕಲ್ಲು ಕಾಯ್ತಾವ."

ಹತ್ತು ಗಂಟೆಗೆ ನಾವು ತುದಿಯಿಂದ ಇನ್ನೂ ದೂರದಲ್ಲಿದ್ದೆವು. ತುದಿಯ ಬಂಡೆಗಳ ಸಂದಿಯಲ್ಲಿ ಎಲೆಯೇ ಇಲ್ಲದ, ಬೆರಳಿನಂಥ ಕಾಂಡದ ಒಂದು ಗಿಡವಿದೆ ಎಂದು ಕೇಳಿದ್ದೆ. ನನಗೆ ಅದು ಬೇಕಿತ್ತು. ಅಕ್ಕ ನಿಂತರು. "ಮೇಡಂ, ಹತ್ತಾತ್ರಿ."

"ಇನ್ನೊಂದರ್ಧ ಗಂಟೆ ಅಕ್ಕ," ಎಂದೆ. ಅವರು ಆಕಾಶ ನೋಡಿದರು, ಹುಡುಗರ ಬಾಟಲಿಗಳನ್ನು ನೋಡಿದರು, ನಮ್ಮ ಹಿಂದೆಯೇ ಹತ್ತತೊಡಗಿದರು.

ಗಿಡ ಸಿಕ್ಕಿತು, ಹನ್ನೆರಡೂವರೆಗೆ. ಅಷ್ಟರಲ್ಲಿ ನೀರು ಮುಗಿದಿತ್ತು. ಬಂಡೆಗೆ ಕೈ ಊರಲಾಗುತ್ತಿರಲಿಲ್ಲ. ಇಳಿಯಲು ತಿರುಗಿದಾಗ ಹಡಗಲಿಯ ಹುಡುಗಿಯೊಬ್ಬಳು ತನ್ನಷ್ಟಕ್ಕೆ ಮಾತಾಡತೊಡಗಿದಳು. ಬಸ್ಸು ಬಂತು, ಸೀಟು ಹಿಡೀರಿ ಎಂದಳು. ಹುಡುಗರು ನಕ್ಕರು. ಅಕ್ಕ ನಗಲಿಲ್ಲ. ಅವಳ ಕುತ್ತಿಗೆ ಮುಟ್ಟಿ ನೋಡಿ, "ಬೆವರು ನಿಂತೈತಿ. ಮೈ ಒಲಿ ಆಗೈತಿ," ಎಂದರು. ಹುಡುಗಿ ಕುಸಿದಳು.

ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಕೆಳಗೆ ರಸ್ತೆ ಕಾಣುತ್ತಿತ್ತು, ಲಾರಿಗಳು ಹೋಗುವುದೂ ಕಾಣುತ್ತಿತ್ತು. ಎದುರಿನ ಕೊಳ್ಳ ನೇರವಾಗಿ ಅಲ್ಲಿಗೇ ಇಳಿಯುತ್ತಿತ್ತು. ನಾನು ಅವಳ ತೋಳು ಹಿಡಿದೆ. "ಎತ್ತಿಕೊಳ್ಳಿ, ಕೊಳ್ಳದಲ್ಲಿ ಇಳಿದುಬಿಡೋಣ."

ಅಕ್ಕ ಕೊಳ್ಳದ ಬಾಯಿಗೆ ಅಡ್ಡ ನಿಂತರು. "ಬ್ಯಾಡ್ರಿ. ಈ ಹೊತ್ನ್ಯಾಗ ಕರಡಿ ತಂಪಿಗೆ ಅಲ್ಲೇ ಮಲಗಿರ್ತಾವ."

"ಇವಳು ಸಾಯ್ತಾಳೆ ಅಕ್ಕ!" ನಾನು ಕೂಗಿದೆ.

"ಬಿಸಿಲಾಗ ಹೊತ್ಕೊಂಡು ಇಳಿದ್ರ ಸಾಯ್ತಾಳ್ರಿ. ಕರಡಿ ಎದ್ರ ಇನ್ನೂ ಇಬ್ರು ಹೋಗ್ತಾರ. ಆ ಕಲ್ಲಿನ ನೆಳ್ಳಾಗ ಮಲಗಿಸ್ರಿ. ನೀರು ನಾ ತರ್ತೀನಿ."

ನಾಲ್ಕು ಖಾಲಿ ಬಾಟಲಿಗಳನ್ನು ಸೆರಗಿಗೆ ಕಟ್ಟಿಕೊಂಡು, ನಾವು ಇಳಿದು ಬಂದ ದಾರಿಯಲ್ಲೇ ಮೇಲಕ್ಕೆ ಒಬ್ಬರೇ ಹತ್ತಿಹೋದರು. ನಾವು ಹುಡುಗಿಯನ್ನು ನೆರಳಿಗೆ ಎಳೆದು ನೋಟ್‌ಬುಕ್ಕುಗಳಿಂದ ಗಾಳಿ ಹಾಕಿದೆವು. ಅವಳ ಕಣ್ಣು ಅರೆ ತೆರೆದಿತ್ತು, ನೋಟ ನಮ್ಮ ಮೇಲಿರಲಿಲ್ಲ. ಅರ್ಧ ಗಂಟೆಯಾದರೂ ಅಕ್ಕ ಬರಲಿಲ್ಲ. ಕೊಳ್ಳದೊಳಗೆ ಒಂದು ಕಲ್ಲು ಉರುಳಿತು, ಆಮೇಲೆ ದಪ್ಪನೆಯ ಉಸಿರಿನ ಸದ್ದು. ಗಾಳಿ ಹಾಕುತ್ತಿದ್ದ ಕೈಗಳೆಲ್ಲ ನಿಂತವು. ಎರಡು ಬಂಡೆಗಳ ನಡುವೆ ಕಪ್ಪು ಬೆನ್ನೊಂದು ಹೊರಳಿ ಮತ್ತೆ ನೆರಳಿಗೆ ಸೇರಿಕೊಂಡಿತು. ಕೈ ಎತ್ತಿ ಎಸೆದರೆ ಕಲ್ಲು ಮುಟ್ಟುವಷ್ಟು ದೂರ. ನಾನು ಎಲ್ಲರನ್ನೂ ಇಳಿಸಬೇಕೆಂದಿದ್ದ ಜಾಗ ಅದು.

ಅಕ್ಕ ಬಂದಾಗ ಸೀರೆ ಸೊಂಟದವರೆಗೆ ಒದ್ದೆಯಾಗಿತ್ತು. ಬಂಡೆಯ ಮೇಲಿನ ಆಳವಾದ ದೊಣೆಯೊಂದರಲ್ಲಿ ಮಳೆನೀರು ಇನ್ನೂ ಉಳಿದಿತ್ತಂತೆ. ಹಸಿರುಗಟ್ಟಿದ ನೀರು. ಯಾರೋ ಬಾಟಲಿಗೆ ಕೈಚಾಚಿದರು. "ಕುಡಿಯಾಕಲ್ಲ, ಮೊದ್ಲು ಆಕಿ ಮೈಗೆ," ಎಂದು ಗದರಿ ಕುತ್ತಿಗೆಗೆ, ಕಂಕುಳಿಗೆ, ತೊಡೆಗೆ ಸುರಿದರು. ನಮ್ಮ ದುಪಟ್ಟಾಗಳನ್ನು ನೆನೆಸಿ ಹೊದಿಸಿದರು. ಇನ್ನೆರಡು ಸಲ ಹತ್ತಿ ಇಳಿದರು. ಮೂರನೆಯ ಸಲ ಬಂದಾಗ ಅವರ ತುಟಿ ಒಡೆದು ರಕ್ತ ಬಂದಿತ್ತು. ಸುಮಾರು ಹೊತ್ತಿನ ಮೇಲೆ ಹುಡುಗಿ ನನ್ನನ್ನು ನೋಡಿ, "ಮೇಡಂ, ನನ್ನ ಚಪ್ಪಲಿ ಎಲ್ಲಿ?" ಎಂದಳು. ನಾನು ಅತ್ತುಬಿಟ್ಟೆ.

ಬಿಸಿಲು ತಗ್ಗಿದ ಮೇಲೆ ಮೇಕೆಗಳ ಸುತ್ತುದಾರಿಯಲ್ಲಿ ಅವಳನ್ನು ಸರದಿಯ ಮೇಲೆ ಹೊತ್ತು ಇಳಿದೆವು. ಆಸ್ಪತ್ರೆಯಲ್ಲಿ ಮೂರು ದಿನ ಇದ್ದು ಅವಳು ಮನೆಗೆ ಹೋದಳು.

ಪ್ರಾಂಶುಪಾಲರು ನಮ್ಮಿಬ್ಬರನ್ನೂ ಕರೆಸಿದರು. ಅಕಸ್ಮಾತ್ ಆಯಿತು, ಬಿಸಿಲು ಜಾಸ್ತಿಯಿತ್ತು ಎಂದು ನಾನು ಶುರುಮಾಡಿದೆ. ಅವರು ಅಕ್ಕನ ಕಡೆ ತಿರುಗಿದರು. ಅಕ್ಕ ಕೈಕಟ್ಟಿ ನಿಂತು ಹೇಳಿದರು: "ಹತ್ತಕ್ಕ ತಿರುಗೋಣ ಅಂದಿದ್ದೆ ಸರ್. ಮೇಡಂ ಕೇಳಲಿಲ್ಲ. ನಾನೂ ಗಟ್ಟಿಯಾಗಿ ಹೇಳಲಿಲ್ಲ, ಅದು ನನ್ನ ತಪ್ಪು."

ನನಗೆ ನೋಟಿಸು ಬಂತು. ಒಂದು ತಿಂಗಳು ಅವರೊಡನೆ ನೇರವಾಗಿ ಮಾತಾಡಲಿಲ್ಲ. ಬೇಕಾದ್ದನ್ನು ಬೇರೆಯವರ ಮೂಲಕ ಹೇಳಿಸುತ್ತಿದ್ದೆ. ಅವರು ಎಂದಿನಂತೆ ಬಂದು ಕೆಲಸ ಮಾಡಿ ಹೋಗುತ್ತಿದ್ದರು. ಕೊನೆಗೆ ಒಂದು ಮಧ್ಯಾಹ್ನ ತಡೆಯಲಾಗದೆ ಕೇಳಿದೆ, "ನನ್ನ ಹೆಸರು ಹೇಳಲೇಬೇಕಿತ್ತಾ ಅಕ್ಕ?"

"ಮುಚ್ಚಿಟ್ಟಿದ್ರ ಬರೋ ವರ್ಷನೂ ಹಂಗಾ ಕರ್ಕೊಂಡು ಹೋಗ್ತಿದ್ರಿ ಮೇಡಂ," ಎಂದರು. ಕೋಪವೂ ಇರಲಿಲ್ಲ, ಸಮಾಧಾನ ಮಾಡುವ ದನಿಯೂ ಅಲ್ಲ. "ನನ್ನ ಕಾಲಾಗ ಇನ್ನೊಂದು ಸಲ ಹತ್ತೋ ಶಕ್ತಿ ಇರಲಿಲ್ರಿ ಅವತ್ತು. ಆಕಿ ಏಳದಿದ್ರ ಏನು ಮಾಡಬೇಕಂತ ನನಗೂ ಗೊತ್ತಿರಲಿಲ್ಲ."

ಆ ಗುಡ್ಡದ ಮೇಲೆ ಅವರೂ ಹೆದರಿದ್ದರು ಎಂಬುದು ನನಗೆ ಹೊಳೆದೇ ಇರಲಿಲ್ಲ.

ನಿವೃತ್ತಿಯಾಗಿ ಎರಡು ವರ್ಷಕ್ಕೆ ಅವರು ತೀರಿಕೊಂಡರು. ಸುದ್ದಿ ತಡವಾಗಿ ತಿಳಿದು ನಾನು ಅವರ ಹಳ್ಳಿ ತಲುಪುವಷ್ಟರಲ್ಲಿ ಮಣ್ಣು ಮಾಡಿ ಬಂದಿದ್ದರು. ಅವರ ಮಗಳು ನನ್ನನ್ನು ನೋಡಿದವಳಲ್ಲ. ಕುಡಿಯಲು ನೀರು ಕೊಟ್ಟು, "ನೀವು ಯಾರ್ರಿ, ಅವ್ವನ ಆಫೀಸರಾ?" ಎಂದು ಕೇಳಿದಳು.

"ಅಲ್ಲಮ್ಮ, ನಾನು ಅವರ ಹತ್ತಿರ ಕೆಲಸ ಕಲಿತವಳು," ಎಂದೆ.