ಕೊಲೆ ಬರೆಯುತ್ತಿದ್ದ ಅಕ್ಕೋರು

ಅಕ್ಕೋರ ಮೂಗಿನ ಬಲ ಹೊಳ್ಳೆಯ ಅಂಚಿಗೆ ಸದಾ ಒಂದು ಕಂದು ಗೆರೆ ಇರುತ್ತಿತ್ತು. ಅದು ತಪಕೀರಿನ ಗೆರೆ. ನಶ್ಯಕ್ಕೆ ನಮ್ಮ ಕಡೆ ಹಾಗೆನ್ನುತ್ತಾರೆ. ಸೊಂಟಕ್ಕೆ ಸಿಕ್ಕಿಸಿದ ತಗಡಿನ ಡಬ್ಬಿಯಿಂದ ಒಂದು ಚಿಟಿಕೆ ಏರಿಸಿಕೊಂಡು, ಮಗ್ಗಿ ತಪ್ಪಿದವರನ್ನು ಅದೇ ಉಸಿರಿನಲ್ಲಿ ಎದ್ದು ನಿಲ್ಲಿಸುತ್ತಿದ್ದರು. ಅವರು ಬರೆದ ಹಾಳೆಗಳ ಮೇಲೂ ಆ ಪುಡಿ ಉದುರಿರುತ್ತಿತ್ತು. ಪುಡಿ ಹೆಚ್ಚು ಬಿದ್ದ ಹಾಳೆಯಲ್ಲಿ ಹೆಣ ಸಿಗುತ್ತದೆ ಎಂಬುದು, ಎರಡನೆಯ ಪುಸ್ತಕದ ಶುದ್ಧಪ್ರತಿ ಮಾಡುವ ಹೊತ್ತಿಗೆ ನನಗೆ ಗೊತ್ತಾಗಿತ್ತು.

ತೊಂಬತ್ತರ ದಶಕದ ಮೊದಲಲ್ಲಿ ನಾನು ಬೈಲಹೊಂಗಲದ ಒಂದು ಪ್ರಾಥಮಿಕ ಶಾಲೆಗೆ ಹೊಸ ಶಿಕ್ಷಕಿಯಾಗಿ ಬಂದೆ. ನಮ್ಮ ಕಡೆ ಶಿಕ್ಷಕಿಯರೆಲ್ಲ ಅಕ್ಕೋರೇ; ಇವರು ಅಲ್ಲಿ ಹಿರಿಯರು. ಮೊದಲ ದಿನ ನನ್ನ ಊರು ಸಿರಸಂಗಿ ಎಂದು ಕೇಳಿಕೊಂಡರು, ಅಪ್ಪನ ಹೆಸರು ಕೇಳಿಕೊಂಡರು, ಆಮೇಲೆ ತಪಕೀರಿನ ಡಬ್ಬಿ ತೆರೆದು, ಏರಿಸದೆಯೇ ಮುಚ್ಚಿದರು. ಸಂಜೆ ಶಾಲೆ ಬಿಟ್ಟ ಮೇಲೆ, ತಮ್ಮ ಮನೆಯ ಹಿಂದಿನ ಖೋಲಿ ಖಾಲಿ ಇದೆ, ಬಾಡಿಗೆ ಬೇಡ, ಬಂದಿರು ಎಂದರು. ಬಾಡಿಗೆ ಬೇಡ ಎನ್ನುವವರನ್ನು ನಂಬಬಾರದೆಂದು ನನ್ನವ್ವ ಹೇಳುತ್ತಿದ್ದಳು. ನಾನು ಆಕೆಯ ಮಾತನ್ನು ಕೇಳಿದ್ದು ಕಡಿಮೆ.

ಅಕ್ಕೋರು ಪತ್ತೇದಾರಿ ಕಾದಂಬರಿ ಬರೆಯುತ್ತಾರೆಂದು ಊರಿನಲ್ಲಿ ಯಾರಿಗೂ ತಿಳಿದಿರಲಿಲ್ಲ. ಪುಸ್ತಕದ ಮೇಲೆ ಒಬ್ಬ ಗಂಡಸಿನ ಹೆಸರು, ರಕ್ಷಾಪುಟದಲ್ಲಿ ಟೊಪ್ಪಿಗೆ ಹಾಕಿ ಪಿಸ್ತೂಲು ಹಿಡಿದವನ ಚಿತ್ರ. ಒಳಗೆ ಟೊಪ್ಪಿಗೆಯೂ ಇಲ್ಲ, ಪಿಸ್ತೂಲೂ ಇಲ್ಲ. ಇದ್ದದ್ದು ಒಂದೇ ಮನೆಯ ನಾಲ್ವರು: ಕಣ್ಣು ಮಂಜಾದ ಅಜ್ಜಿ, ಪೊಲೀಸ್ ನೌಕರಿ ಕಳೆದುಕೊಂಡ ಫೌಜದಾರ ಮಗ, ಎಲ್ಲವನ್ನೂ ಅಳೆದು ತೂಗುವ ಸೊಸೆ, ಹೆಣ ಕಂಡರೆ ವಾಂತಿ ಮಾಡುವ ಅಳಿಯ. ಊರಿನಲ್ಲಿ ಯಾರಾದರೂ ಸಂಶಯಾಸ್ಪದವಾಗಿ ಸತ್ತರೆ ಇವರು ಬುತ್ತಿ ಕಟ್ಟಿಕೊಂಡು ಹೊರಡುತ್ತಿದ್ದರು. ಹೆಣದ ಬದಿಗೆ ಕುಳಿತು, ಚಟ್ನಿ ತರುವುದನ್ನು ಮರೆತವರು ಯಾರೆಂದು ಜಗಳ ತೆಗೆಯುತ್ತಿದ್ದರು. ಜಗಳದ ನಡುವೆ ಅಜ್ಜಿ ಕೊಲೆಗಾರನನ್ನು ಹಿಡಿಯುತ್ತಿದ್ದಳು. ಬಸ್ ನಿಲ್ದಾಣದ ಅಂಗಡಿಯಲ್ಲಿ ಜನ ಈ ಪುಸ್ತಕ ಕೊಂಡು, ಸವದತ್ತಿ ಮುಟ್ಟುವಷ್ಟರಲ್ಲಿ ಮುಗಿಸಿ, ನಕ್ಕು ಇಳಿಯುತ್ತಿದ್ದರು.

ನನ್ನ ಅಕ್ಷರ ದುಂಡಗಿತ್ತು, ಹಾಗಾಗಿ ಶುದ್ಧಪ್ರತಿಯ ಕೆಲಸ ನನಗೆ ಬಂತು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನಾನು ಬರೆಯುತ್ತ ಕೂರುತ್ತಿದ್ದೆ. ಅವರು ಹುರುಳಿ ಹಸನು ಮಾಡುತ್ತ, ನಾನು ಎಲ್ಲಿ ನಗುತ್ತೇನೆಂದು ನೋಡುತ್ತಿದ್ದರು. ಅಜ್ಜಿಯ ಒಂದು ಮಾತು ಎಲ್ಲ ಪುಸ್ತಕಗಳಲ್ಲೂ ಬರುತ್ತಿತ್ತು: "ಸತ್ತವರು ಸುಳ್ಳ ಹೇಳಂಗಿಲ್ಲ, ಸುತ್ತ ನಿಂತವರು ಹೇಳ್ತಾರ." ಅದನ್ನು ಅಕ್ಕೋರು ಶಾಲೆಯಲ್ಲೂ ಬಳಸುತ್ತಿದ್ದರು, ಒಡೆದ ಪಾಟಿಯ ವಿಚಾರಣೆ ನಡೆಸುವಾಗ.

ಒಂದು ಭಾನುವಾರ ನಾನೇ ನನ್ನ ಅಕ್ಕನ ಮಾತು ತೆಗೆದೆ. ಆಕೆಯನ್ನು ಕಟಕೋಳದ ಆಚೆಯ ಒಂದು ಹಳ್ಳಿಗೆ ಕೊಟ್ಟಿತ್ತು. ನಾನು ಶಿಕ್ಷಕಿಯಾಗುವುದಕ್ಕೆ ಕೆಲವು ವರ್ಷ ಮೊದಲು, ಎಂಟು ತಿಂಗಳ ಹೆಣ್ಣುಕೂಸನ್ನು ಬಿಟ್ಟು, ಸುಟ್ಟು ಸತ್ತಳು. ಸ್ಟೋ ಸಿಡಿಯಿತು ಎಂದರು. ಆ ಕಾಲದಲ್ಲಿ ಸ್ಟೋಗಳು ಸೊಸೆಯರ ಕೈಯಲ್ಲಿ ಮಾತ್ರ ಸಿಡಿಯುತ್ತಿದ್ದವು; ಅತ್ತೆಯ ಕೈಯಲ್ಲಿ ಒಂದಾದರೂ ಸಿಡಿದದ್ದನ್ನು ನಾನು ಕೇಳಿಲ್ಲ. ಅವ್ವ ಎದೆ ಬಡಿದುಕೊಂಡು, ಇದು ಕೊಲೆ, ಕೇಸು ಹಾಕು ಎಂದು ಅಪ್ಪನ ಕಾಲು ಹಿಡಿದಳು. ಆದರೆ ತಹಶೀಲ್ದಾರರ ಮುಂದೆ ಆದ ಪಂಚನಾಮೆಗೆ, ಸ್ಟೋ ಸಿಡಿದದ್ದೇ ನಿಜವೆಂದು, ಸಾಕ್ಷಿಯಾಗಿ ಆ ಊರಿನ ಶಿಕ್ಷಕಿ ಸಹಿ ಮಾಡಿದ್ದಳು. ಓದಿದ ಹೆಣ್ಣುಮಗಳು, ಪರಕೀಯಳು, ಆಕೆ ಯಾಕೆ ಸುಳ್ಳು ಹೇಳುತ್ತಾಳೆ ಎಂದು ಅಪ್ಪ ಮನೆಗೆ ಬಂದುಬಿಟ್ಟರು. ಇದನ್ನೆಲ್ಲ ಹೇಳಿ ಮುಗಿಸಿದಾಗ ಅಕ್ಕೋರು ಮೊರ ಕೆಳಗಿಟ್ಟು ಎದ್ದು ಹೋದರು. ಪಾಪ, ಮೃದು ಮನಸ್ಸು ಎಂದುಕೊಂಡೆ.

ಆರನೆಯ ಪುಸ್ತಕದಲ್ಲಿ ಒಬ್ಬ ಬಾಣಂತಿ ಸುಟ್ಟು ಸಾಯುತ್ತಾಳೆ. ನಾಲ್ವರೂ ಎಂದಿನಂತೆ ಬುತ್ತಿ ಕಟ್ಟಿಕೊಂಡು ಹೋಗುತ್ತಾರೆ. ಸೊಸೆ ಸ್ಟೋದ ಟಾಕಿ ಅಲುಗಾಡಿಸಿ ನೋಡುತ್ತಾಳೆ: ಕಂಠದವರೆಗೆ ಎಣ್ಣೆ, ಸಣ್ಣ ತಗ್ಗೂ ಬೀಳದ ಹಿತ್ತಾಳೆ. ಅಳಿಯ ವಾಂತಿ ಮಾಡಿಕೊಳ್ಳುತ್ತಾನೆ. ನಾನು ನಗುತ್ತಲೇ ಬರೆಯುತ್ತಿದ್ದೆ. ಮುಂದಿನ ಸಾಲಿನಲ್ಲಿ, ಸುಡದೆ ಉಳಿದ ಎಡ ಮುಂಗೈಯ ಮೇಲೆ ಒಂದು ಹಚ್ಚೆ ಇತ್ತು. ತುಳಸಿಕಟ್ಟೆಯ ಹಚ್ಚೆ, ಬಲಗಡೆಯ ಗೆರೆ ಇಲ್ಲದ್ದು.

ನನ್ನ ಅಕ್ಕನಿಗೆ ಹತ್ತು ವರ್ಷವಿದ್ದಾಗ ಹಚ್ಚೆಯವಳು ನಮ್ಮ ಅಂಗಳಕ್ಕೆ ಬಂದಿದ್ದಳು. ಅಕ್ಕ ನೋವು ತಾಳದೆ ಅರ್ಧಕ್ಕೆ ಕೈ ಕಿತ್ತುಕೊಂಡು ಓಡಿದಳು. ಅದನ್ನು ನೋಡಿ ನಾನು ಕಣಜದ ಹಿಂದೆ ಅಡಗಿದ್ದೆ. ಆ ಕೈಯನ್ನು ಕಣ್ಣಾರೆ ಕಂಡವರಲ್ಲದೆ ಬೇರೆಯವರು ಆ ಸಾಲು ಬರೆಯಲಾರರು. ಮುಂದಿನ ಪುಟಗಳನ್ನು ನಕಲು ಮಾಡದೆ ಓದಿದೆ. ಕೊನೆಯಲ್ಲಿ ಮಗ, ಸೊಸೆ, ಅಳಿಯ ಮೂವರೂ ಸೇರಿ ಪಂಚನಾಮೆಗೆ ಸುಳ್ಳು ಸಹಿ ಮಾಡಿದವರನ್ನು ಹುಡುಕುತ್ತಾರೆ. ಅದು ಅವರದೇ ಮನೆಯ ಅಜ್ಜಿ.

ಹಾಳೆ ಹಿಡಿದುಕೊಂಡು ಅಡುಗೆಮನೆಗೆ ಹೋದೆ. ಅಕ್ಕೋರು ನನ್ನ ಮುಖ ನೋಡಿ ಒಲೆ ಆರಿಸಿದರು. ಆ ಹಳ್ಳಿಯಲ್ಲಿ ತಾವು ಆರು ವರ್ಷ ಶಿಕ್ಷಕಿಯಾಗಿದ್ದದ್ದು, ಅಕ್ಕನ ಗಂಡನ ಮನೆಯ ಮುಂದಿನ ಖೋಲಿಯಲ್ಲೇ ಬಾಡಿಗೆಗೆ ಇದ್ದದ್ದು, ಚೀರಾಟ ಕೇಳಿ ಮೊದಲು ಓಡಿದ್ದು ಎಲ್ಲವನ್ನೂ ವರದಿ ಒಪ್ಪಿಸಿದಂತೆ ಹೇಳಿದರು.

"ಆಕಿಗೆ ಇನ್ನಾ ಜೀವ ಇತ್ತು," ಎಂದರು. "'ನಾ ಸ್ಟೋ ಹಚ್ಚಿರಲಿಲ್ರೀ ಅಕ್ಕೋರ' ಅಂದ್ಲು. ಅದನ್ನ ಕೇಳಿದಾಕಿ ನಾ ಒಬ್ಬಾಕಿನ. ಕೇಳಿನೂ ಸಹಿ ಮಾಡಿದೆ."

ಯಾಕೆ ಎಂದೆ. ಹಿರಿಯರು ನಾಲ್ಕು ಮಂದಿ ಬಂದು, ಕೂಸನ್ನು ತಂದು ಅವರ ತೊಡೆಯ ಮೇಲೆ ಹಾಕಿದರಂತೆ. ಹೋದವಳು ಹೋದಳು, ಇದರ ಅಪ್ಪನನ್ನೂ ಜೇಲಿಗೆ ಕಳಿಸಿದರೆ ಇದನ್ನು ನೀವು ಸಾಕುತ್ತೀರಾ ಎಂದರಂತೆ. ಕೂಸು ಅವರ ತೊಡೆಯ ಮೇಲೆಯೇ ನಿದ್ದೆ ಹೋಯಿತಂತೆ.

ಇಷ್ಟು ವರ್ಷ ಅಂಥ ಸಾವುಗಳನ್ನೇ ಬರೆದು ಊರನ್ನೆಲ್ಲ ನಗಿಸಿದಿರಲ್ಲ, ನನ್ನನ್ನೂ ನಗಿಸಿದಿರಲ್ಲ ಎಂದೆ.

"ನಗಸಲಿಲ್ಲಂದ್ರ ಯಾರೂ ಕಡೀತನಕ ಓದತಿರಲಿಲ್ಲವ್ವಾ," ಎಂದರು. "ನಿನಗ ಬಾಯಿಲೆ ಹೇಳೂ ಧೈರ್ಯ ಬರಲಿಲ್ಲ."

ಆ ವಾರವೇ ಖೋಲಿ ಬಿಟ್ಟೆ. ಒಂದೇ ಶಾಲೆಯಲ್ಲಿ ಇದ್ದುಕೊಂಡು ಮೂರು ವರ್ಷ ನಾವು ಮಾತಾಡಲಿಲ್ಲ. ಸುಣ್ಣದಕಡ್ಡಿಯ ಡಬ್ಬಿಯನ್ನೂ ಮಕ್ಕಳ ಕೈಯಲ್ಲಿ ಕಳಿಸಿಕೊಳ್ಳುತ್ತಿದ್ದೆವು. ಅವರನ್ನು ನಾನು ದ್ವೇಷಿಸಿದೆ. ಅದರಲ್ಲಿ ಮುಚ್ಚುಮರೆ ಇಲ್ಲ. ಭಾನುವಾರ ಮಧ್ಯಾಹ್ನ ಮಾತ್ರ ಕೈ ಖಾಲಿ ಎನಿಸುತ್ತಿತ್ತು. ಆರನೆಯ ಪುಸ್ತಕ ಅಚ್ಚಾಗಲಿಲ್ಲ. ಅಜ್ಜಿಯನ್ನು ಕಳ್ಳಿ ಮಾಡಿದರೆ ಯಾರು ಕೊಳ್ಳುತ್ತಾರೆಂದು ಪ್ರಕಾಶಕರು ತಿರುಗಿಸಿ ಕಳಿಸಿದರಂತೆ. ಕೊನೆ ಬದಲಿಸಲು ಇವರು ಒಪ್ಪಲಿಲ್ಲ. ಅಲ್ಲಿಗೆ ಆ ಕುಟುಂಬದ ಕಥೆಗಳೂ ನಿಂತವು.

ನಿವೃತ್ತರಾದ ಮರುತಿಂಗಳು ಅಕ್ಕೋರು ಒಬ್ಬರೇ ಬಸ್ ಹತ್ತಿ ಹೋಗಿ, ಪೊಲೀಸರಿಗೆ ತಮ್ಮ ನಿಜ ಹೆಸರಿನಲ್ಲಿ ಹೇಳಿಕೆ ಬರೆದು ಕೊಟ್ಟರು: ನಾನು ಸುಳ್ಳು ಪಂಚನಾಮೆಗೆ ಸಹಿ ಮಾಡಿದ್ದೇನೆ, ನನ್ನ ಮೇಲೆ ಕ್ರಮ ಆಗಲಿ. ಅವರಿಗೆ ಚಹಾ ಕೊಟ್ಟು ಕೂರಿಸಿ, ತಾಯಿ, ಇಷ್ಟು ವರ್ಷದ ಮೇಲೆ ಏನಾಗುತ್ತದೆ ಎಂದು ಕೇಳಿ ಕಳಿಸಿದರಂತೆ. ಏನೂ ಆಗಲಿಲ್ಲ. ಭಾವ ಎರಡನೆಯ ಮದುವೆ ಮಾಡಿಕೊಂಡು ನಾಲ್ಕು ಮಕ್ಕಳ ತಂದೆಯಾಗಿ ಪಂಚಾಯ್ತಿಗೆ ಆರಿಸಿ ಬಂದಿದ್ದ. ಅಪ್ಪ, ಸತ್ತವಳನ್ನು ಮತ್ತೆ ಯಾಕೆ ಸುಡುತ್ತೀರಿ ಎಂದರು. ಅವ್ವ ಆಗಲೇ ತೀರಿಕೊಂಡಿದ್ದಳು. ಆಕೆಗೆ ಮಾತ್ರ ಹೇಳಬೇಕಿತ್ತು.

ಎರಡು ಸಾವಿರದ ನಂತರದ ಒಂದು ಬೇಸಿಗೆಯಲ್ಲಿ ಅಕ್ಕೋರು ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಂಡು ಮಲಗಿದ್ದರು. ನೋಡಲು ಹೋದೆ. ಕ್ಷಮೆ ಕೇಳಲಿಲ್ಲ, ನಾನೂ ಕೊಡಲಿಲ್ಲ. ಕೂಸು ಹೇಗಿದೆ ಎಂದು ಒಂದೇ ಮಾತು ಕೇಳಿದರು. ಹತ್ತನೆಯ ತರಗತಿ ಪಾಸಾದಳು ಎಂದೆ. ಅವರು ಸತ್ತ ದಿನ ಹೋಗಿ ಮೂಲೆಯಲ್ಲಿ ನಿಂತು ಬಂದೆ. ಮನೆಗೆ ಬಂದು ಅತ್ತೆ. ಯಾವ ಸಿಟ್ಟೂ ಆ ಅಳುವನ್ನು ತಡೆಯಲಿಲ್ಲ.

ಅದಾಗಿ ಎರಡು ವರ್ಷಕ್ಕೆ ಅಕ್ಕನ ಮಗಳು ತನ್ನ ಮದುವೆಯ ಲಗ್ನಪತ್ರಿಕೆ ಕೊಡಲು ಬಂದಳು. ಭಾವ ಹೊರಗೆ ಜೀಪಿನಲ್ಲೇ ಕುಳಿತಿದ್ದ. ಕುಂಕುಮ ಹಚ್ಚಿಸಿಕೊಂಡು ಎದ್ದವಳು ಮತ್ತೆ ಕುಳಿತಳು. "ಚಿಗವ್ವಾ, ನಮ್ಮವ್ವ ಹೆಂಗ ಸತ್ಲು?" ಎಂದಳು. "ಮನ್ಯಾಗ ಕೇಳಿದ್ರ ಸ್ಟೋ ಅಂತಾರ. ಯಾವಕೀನೋ ಅಕ್ಕೋರು ಬ್ಯಾರೇನೋ ಬರದುಕೊಟ್ಟಾಳ ಅಂತ ಊರಾಗ ಅಂತಾರ."

ಹದಿನೈದು ದಿನಕ್ಕೆ ಮದುವೆ. ಹುಡುಗಿಗೆ ತವರೆಂದು ಇರುವುದು ಅವಳ ಅಪ್ಪನ ಮನೆ ಒಂದೇ. ಹೇಳಬಾರದೆನ್ನಲು ಎಷ್ಟೊಂದು ಒಳ್ಳೆಯ ಕಾರಣಗಳಿದ್ದವು. ಒಂದೊಂದೂ ಆ ಹುಡುಗಿಯ ಹಿತಕ್ಕಾಗಿಯೇ. ತೊಡೆಯ ಮೇಲೆ ಕೂಸು ಮಲಗಿರುವಾಗ ಸಹಿ ಮಾಡುವುದು ಎಷ್ಟು ಸುಲಭವೆಂದು ನನಗೆ ಆಗ ತಿಳಿಯಿತು. ಅಕ್ಕೋರು ಬಾಯಿಬಿಟ್ಟು ಹೇಳಿರದಿದ್ದರೆ ನಾನೂ ಸ್ಟೋ ಎಂದೇ ಹೇಳಿ ಕಳಿಸುತ್ತಿದ್ದೆ.

ನಿಮ್ಮವ್ವ ಸ್ಟೋ ಹಚ್ಚಿರಲಿಲ್ಲ ಎಂದೆ. ಆ ಮಾತನ್ನು ಕೇಳಿಸಿಕೊಂಡವರು ಯಾರು, ಬಚ್ಚಿಟ್ಟವರು ಯಾರು, ಆಮೇಲೆ ಬಸ್ ಹತ್ತಿ ಹೋಗಿ ಒಪ್ಪಿಕೊಂಡವರು ಯಾರು, ಎಲ್ಲ ಹೇಳಿದೆ.

ಹುಡುಗಿ ಅಳಲಿಲ್ಲ. ಅವರನ್ನು ನೋಡಬೇಕು ಎಂದಳು. ತೀರಿಕೊಂಡರು ಎಂದೆ. ಹೊರಗೆ ಭಾವ ಹಾರ್ನ್ ಒತ್ತಿದ. ಅವಳು ಕೈಚೀಲದಿಂದ ಒಂದು ಲಗ್ನಪತ್ರಿಕೆ ತೆಗೆದು, ಹಿಂಬದಿಯ ಖಾಲಿ ಜಾಗ ಮೇಲೆ ಮಾಡಿ ನನ್ನ ಮುಂದಿಟ್ಟಳು.

"ಹಂಗಾರ ನೀ ಬರದು ಕೊಡು ಚಿಗವ್ವಾ," ಎಂದಳು. "ಕೆಳಗ ಸಹಿ ಮಾಡು."

ಬರೆದೆ. ಸಹಿ ಮಾಡಿದೆ.