ಕುಬಸದ ಸೀರೆಗೆ ಕಾಸಿಂಬಿಯ ಕೈ

ಬೆಳಗಿನ ನಮಾಜಿನ ಕೂಗು ಮುಗಿದು ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಇಳಕಲ್ಲಿನ ನೇಕಾರ ಓಣಿಯ ಒಂದು ಪಡಸಾಲೆಯಲ್ಲಿ ಕಾಸಿಂಬಿ ಬಾಗಿಲಿಗೆ ಮುಖ ಮಾಡಿ, ಕಾಲು ಚಾಚಿ ಕುಳಿತಾಗಿದೆ. ಎಡಕ್ಕೆ ಸೀರೆಯ ಒಡಲಿಗೆ ಬೇಕಾದ ಹಸಿರು ನೂಲಿನ ಹಾಸು, ಬಲಕ್ಕೆ ಸೆರಗಿನ ಕೆಂಪು ರೇಷ್ಮೆಯ ಹಾಸು. ಬೂದಿಯಲ್ಲಿ ಬೆರಳದ್ದಿ, ಒಂದರ ಎಳೆಯೊಳಗೆ ಇನ್ನೊಂದರ ಎಳೆ ತೂರಿಸಿ ಕೊಂಡಿ ಹಾಕುತ್ತಾಳೆ. ಕಣ್ಣು ಬಾಗಿಲಾಚೆಯ ಓಣಿಯ ಮೇಲಿರುತ್ತದೆ, ಬೆರಳು ತಮ್ಮ ಪಾಡಿಗೆ ನಡೆಯುತ್ತವೆ.

ಒಂದು ಸೀರೆಗೆ ಎರಡು ಸಾವಿರಕ್ಕೆ ಕಡಿಮೆಯಿಲ್ಲದಷ್ಟು ಕೊಂಡಿ. ನಾಲ್ಕು ಸಡಿಲವಾದರೆ ಸಾಕು, ಕುಣಿಮಗ್ಗದಲ್ಲಿ ಕುಳಿತ ಗಂಡ ಮೀರಾಸಾಬನ ಲಾಳಿ ಅಲ್ಲಿಯೇ ನಿಲ್ಲುತ್ತದೆ. ಅವನದೊಂದೇ ಅಲ್ಲ, ಓಣಿಯ ಒಂಬತ್ತು ಮಗ್ಗಗಳಿಗೆ ಕಾಸಿಂಬಿಯೇ ಕೊಂಡಿ ಹಾಕಿಕೊಡುತ್ತಾಳೆ. ಸೀರೆ ಉಡುವವರು ನೇಯ್ದವನ ಹೆಸರನ್ನಾದರೂ ಕೇಳಿಯಾರು. ಒಡಲಿಗೆ ಸೆರಗು ಕೂಡಿಸಿದವಳು ಯಾರೆಂದು ಕೇಳಿದವರಿಲ್ಲ.

ವಯಸ್ಸು ಇಪ್ಪತ್ತೆರಡು. ಪ್ಲೇಗಿನ ವರ್ಷ ತಂದೆ ತಾಯಿ ಇಬ್ಬರೂ ಹೋದಮೇಲೆ ಹುನಗುಂದದ ಸೋದರಮಾವನ ಮನೆಯಲ್ಲಿ ಬೆಳೆದಳು. ಈ ಕೆಲಸ ಕೈಗೆ ಹತ್ತಿದ್ದು ಅಲ್ಲಿಯೇ, ಮಾವನ ಹೆಂಡತಿಯ ಮಗ್ಗುಲಲ್ಲಿ ಕುಳಿತು. ಹದಿನೇಳಕ್ಕೆ ಮದುವೆಯಾಗಿ ಇಳಕಲ್ಲಿಗೆ ಬಂದಳು. ನಾಲ್ಕು ವರ್ಷ ಕಾದ ಮೇಲೆ ಹೋದ ಸಲದ ಮೊಹರಮ್ಮಿನ ಮುಂಚೆ ಬಸುರಾದಳು.

ಅದು ಎರಡೂವರೆ ತಿಂಗಳು ನಿಂತಿತು. ಹಾಸಿನ ಮುಂದೆ ಕುಳಿತಾಗಲೇ ಕಿಬ್ಬೊಟ್ಟೆ ಹಿಂಡಿ ಬಂತು. ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿದಿತ್ತು. "ಇನ್ನೂ ಆಕಾರನ ಬಂದಿದ್ದಿಲ್ಲ, ಅದಕ್ಕೇನ ಅಳ್ತಿ?" ಎಂದಳು ಅತ್ತೆ ಅಮೀನಬಿ. ಬಸುರಾದದ್ದು ಗಂಡ ಹೆಂಡತಿಗಷ್ಟೇ ಗೊತ್ತಿದ್ದ ಸಂಗತಿ. ಹೋದದ್ದು ಮಾತ್ರ ಅವತ್ತು ಸಂಜೆಗೇ ಓಣಿಗೆಲ್ಲ ಗೊತ್ತಾಯಿತು.

ಎಂಟು ದಿನ ಬಿಟ್ಟು ನೂಲು ಕೊಡುವ ಸಾವುಕಾರ ದುರ್ಗಪ್ಪ ಬಂದರು. ಕುಳಗೇರಿ ಕಡೆಯ ಒಂದು ಮನೆಗೆ, ಬಸುರಿಗೆ ಏಳನೇ ತಿಂಗಳಲ್ಲಿ ಉಡಿಸುವ ಕುಬಸದ ಹಸಿರು ಸೀರೆ ಬೇಕಿತ್ತು. ಅದರ ಹಾಸು ಕಾಸಿಂಬಿಯ ಮುಂದೆ ಅರ್ಧಕ್ಕೆ ನಿಂತಿತ್ತು.

"ಬ್ಯಾರೆ ಸೀರಿ ಎಲ್ಲಾ ನೀನ ಮಾಡು ತಂಗಿ. ಇದೊಂದು ಬಿಟ್ಟಬಿಡು. ಬಸರಿ ಉಡೂ ಸೀರಿ. ಮಂದಿ ಒಂಥರಾ ಮಾತಾಡ್ತಾರ," ಎಂದರು ದುರ್ಗಪ್ಪ.

ಕಾಸಿಂಬಿ ಎದ್ದಳು. ಅರ್ಧ ಕೂಡಿಸಿದ ಹಾಸನ್ನು ಸುತ್ತಿದಳು. ಅದರ ಮೇಲೆ ಉಳಿದ ನಾಲ್ಕು ಸೀರೆಗಳ ನೂಲನ್ನೂ ಹೇರಿ ಅವರ ಕೈಗಿಟ್ಟಳು. "ಕುಬಸದ ಸೀರಿಗೆ ಬ್ಯಾಡಾದ ಕೈ ಬ್ಯಾರೆ ಸೀರಿಗೂ ಬ್ಯಾಡ್ರಿ. ಎಲ್ಲಾ ಒಯ್ರಿ."

ನೂಲು ಹೋದಮೇಲೆ ಮೀರಾಸಾಬನ ಮಗ್ಗವೂ ನಿಂತಿತು. ಅಮೀನಬಿ ಸೊಸೆಯ ಮೇಲೆ ಹರಿಹಾಯ್ದಳು. ಮೀರಾಸಾಬ ಮಾತ್ರ ತಲೆಗೆ ರುಮಾಲು ಸುತ್ತಿಕೊಂಡು ಹತ್ತಿ ಬಿಡಿಸುವ ಕೂಲಿಗೆ ಹೊರಟ. "ನಾಕ ದಿನ ಬಿಸಿಲಾಗ ನಿಂತ್ರ ಏನೂ ಸಾಯಂಗಿಲ್ಲ ಬಿಡು," ಎಂದಷ್ಟೇ ಹೆಂಡತಿಗೆ ಹೇಳಿದ. ಮರುದಿನದಿಂದ ಅವಳೂ ಅವನ ಜೊತೆ ಹೊಲಕ್ಕೆ ನಡೆದಳು.

ಅದು ಇಪ್ಪತ್ತಾರು ದಿನ ನಡೆಯಿತು. ಅಷ್ಟರಲ್ಲಿ ಬೇರೆಯವರ ಕೈಯ ಮೂರು ಸೀರೆಗಳ ಸೆರಗು ಮಗ್ಗದಲ್ಲಿಯೇ ಬಿಚ್ಚಿಕೊಂಡಿತು. ಕುಳಗೇರಿಯವರು ಸೀರೆ ಎಲ್ಲಿ ಎಂದು ದುರ್ಗಪ್ಪನವರಲ್ಲಿಗೆ ಎರಡು ಸಲ ಆಳು ಕಳಿಸಿದರು. ಇಪ್ಪತ್ತೇಳನೆಯ ದಿನ ದುರ್ಗಪ್ಪ ತಾವೇ ಹಸಿರು ನೂಲು ಹೊತ್ತು ಬಂದು ಕಟ್ಟೆಯ ಮೇಲೆ ಕುಳಿತರು.

"ಹಠ ಭಾಳ ಐತಿ ನಿನಗ."

"ಹೌದ್ರಿ," ಎಂದು ಕಾಸಿಂಬಿ ನೂಲು ಇಸಿದುಕೊಂಡಳು. ಕುಬಸದ ಸೀರೆಯನ್ನೇ ಮೊದಲು ಮುಗಿಸಿದಳು.

ಇನ್ನೊಂದು ಕೂಸು ಬೇಕೆಂಬ ಆಸೆ ಅವಳು ಬಿಟ್ಟಿರಲಿಲ್ಲ, ಅಂಜಿಕೆಯೂ ಅವಳನ್ನು ಬಿಟ್ಟಿರಲಿಲ್ಲ. ಹಾಸಿನ ಮುಂದೆ ದಿನವಿಡೀ ಕುಳಿತದ್ದೇ ತಪ್ಪಾಯಿತೇ? ಸೂಲಗಿತ್ತಿ ಇಂದ್ರವ್ವನ ಮನೆಗೆ ಹೋಗಿ ಕೇಳಿದಳು. ಇಂದ್ರವ್ವ ಗದರಿದಳು: "ಯಾರಂದ್ರ ಹಂಗಂತ? ಕುಂತ ಕೆಲಸ ಮಾಡಿದ್ರ ಹೋಗೂದಿಲ್ಲವ್ವ. ಒಂದೊಂದು ನಿಲ್ಲೂದ ಇಲ್ಲ, ಹೋಗತಾವು. ನಿನ್ನ ತಪ್ಪಿಲ್ಲ. ಮೂರು ಸಲ ಮುಟ್ಟಾಗಲಿ, ಹೊಟ್ಟಿ ತುಂಬ ಉಣ್ಣು, ಆಮ್ಯಾಲೆ ಗಂಡ ಹೇಣ್ತಿ ಮತ್ತ ನೋಡ್ರಿ."

ಮೂರು ತಿಂಗಳು ಕಾದರು. ಆಮೇಲೆ ಐದು ತಿಂಗಳು ಐದು ಸಲ ಮುಟ್ಟು ಬಂತು. ಪ್ರತಿಸಲ ಹಿತ್ತಲಲ್ಲಿ ಬಟ್ಟೆ ಒಗೆದು ಹರವಿ ಬಂದು ಹಾಸಿನ ಮುಂದೆ ಕೂಡುತ್ತಿದ್ದಳು. ಅಮೀನಬಿ ಅಮೀನಗಡದ ಒಂದು ಹುಡುಗಿಯ ಮಾತು ತೆಗೆದಳು. ಮಗನಿಗೆ ಇನ್ನೊಂದು ನಿಕಾಹ್ ಮಾಡುವ ಮನಸ್ಸು.

"ಕರ್ಕೊಂಡ ಬರ್ರಿ ಅತ್ತಿ," ಎಂದಳು ಕಾಸಿಂಬಿ. "ಆದ್ರ ಆಕಿಗೂ ಹಿಂಗಾದ್ರ ಮೂರನೇದಾಕಿನ್ನ ಯಾವ ಊರಿಂದ ತರ್ತೀರಿ, ಅದನ್ನೂ ಈಗ ಹೇಳಿಬಿಡ್ರಿ."

ಅಮೀನಬಿ ರಾಟಿ ಬಿಟ್ಟೆದ್ದು ಒಳಗೆ ಹೋದಳು. ಮೂರನೆಯ ದಿನ ನೂಲು ಸುತ್ತುತ್ತ, ತಲೆ ಎತ್ತದೆ, "ಮೀರ್‍ಯಾನ ಮುಂಚೆ ನಂದೂ ಎರಡು ಹೋಗ್ಯಾವು. ನಮ್ಮತ್ತಿಗೂ ಹೇಳಿದ್ದಿಲ್ಲ," ಎಂದಳು. ಕಾಸಿಂಬಿ ನೂಲಿನ ಇನ್ನೊಂದು ತುದಿ ಹಿಡಿದುಕೊಂಡಳು. ಅಮೀನಗಡದ ಹುಡುಗಿಯ ಮಾತು ಆ ಮನೆಯಲ್ಲಿ ಮತ್ತೆ ಎದ್ದಿಲ್ಲ.

ಈಗ ಕಾಸಿಂಬಿಗೆ ಮತ್ತೆ ದಿನ ನಿಂತಿದೆ. ಇಂದ್ರವ್ವ ನೋಡಿ, ಎರಡು ತಿಂಗಳು ಎಂದಿದ್ದಾಳೆ. ಐದು ತುಂಬುವವರೆಗೆ ಬಾಯಿ ಬಿಡಬಾರದೆಂಬುದು ಓಣಿಯ ರೂಢಿ. ಕಾಸಿಂಬಿ ಒಂಬತ್ತು ಮಗ್ಗದ ಮನೆಗಳಲ್ಲೂ ತಾನಾಗಿಯೇ ಹೇಳಿ ಬಂದಿದ್ದಾಳೆ. ಮುಂಜಾನೆ ಓಕರಿಕೆ ಬಂದರೆ ಎದ್ದು ಹಿತ್ತಲಿಗೆ ಹೋಗುತ್ತಾಳೆ, ಬಾಯಿ ತೊಳೆದು ಬಂದು ಬಿಟ್ಟಲ್ಲಿಂದ ಶುರು ಮಾಡುತ್ತಾಳೆ. ಅಂಜಿಕೆ ಹೋಗಿದೆಯೇ ಎಂದು ಕೇಳಿದರೆ, "ಖರೆ ಹೇಳ್ತೇನಿ, ದಿನಾ ಅಂಜಿಕಿ ಬರತೈತಿ," ಎನ್ನುತ್ತಾಳೆ. "ಬರಲಿ. ಕೆಲಸ ನಿಂದರಂಗಿಲ್ಲ."

ಇದನ್ನೆಲ್ಲ ಪತ್ರಿಕೆಯಲ್ಲಿ ಬರೆಯಬಹುದೇ ಎಂಬ ಮಾತು ಬಂದಾಗ ಒಳಗಿನಿಂದ ಅಮೀನಬಿ ಕೂಗುತ್ತಾಳೆ: "ಬಸರಿಂದು ಬರೀಬ್ಯಾಡ್ರಿ, ದೃಷ್ಟಿ ಆಗತೈತಿ!"

ಕಾಸಿಂಬಿಯ ಬೆರಳು ಮೊದಲ ಬಾರಿಗೆ ನಿಲ್ಲುತ್ತವೆ.

"ಬರೀರಿ. ಹ್ವಾದ ಸಲ ಬಂದದ್ದು ಯಾರಿಗೂ ಗೊತ್ತಿದ್ದಿಲ್ಲ, ಅದಕ್ಕ ಹೋದಾಗ ನಾವಿಬ್ಬರ ಅತ್ತಿವಿ. ಈ ಸಲ ನಿಂತ್ರೂ ಎಲ್ಲಾರಿಗೂ ಗೊತ್ತಿರಲಿ, ಹೋದ್ರೂ ಗೊತ್ತಿರಲಿ. ಹೋದ್ರ ಮತ್ತ ಮೂರು ತಿಂಗಳು ಕಾಯ್ತೇನಿ. ಬರೀರಿ, ಕಾಸಿಂಬಿ ಎರಡು ತಿಂಗಳ ಬಸರಿ ಅದಾಳ ಅಂತ."