ರಸ್ತೆಯ ಕಡೆ ಹರವಿದ ಚಾದರ

ಭದ್ರಾವತಿಯ ಪ್ರವಾಸಿ ಮಂದಿರದಲ್ಲಿ ನಿನ್ನೆ ಸಂಜೆ ಮಂಚದ ಮೇಲಿನ ಚಾದರ ಕೊಡವಿದಾಗ ಗಂಜಿಯ ವಾಸನೆ ಬಂತು. ಅನ್ನದ ಗಂಜಿಯಲ್ಲಿ ಅದ್ದಿ, ನೀಲಿ ಹಾಕಿ, ಬಿಸಿಲಿಗೆ ಒಣಗಿಸಿದ ಬಟ್ಟೆಯ ವಾಸನೆ. ಚಾದರ ಹಿಡಿದುಕೊಂಡೇ ನಿಂತುಬಿಟ್ಟೆ... ಶಿವಮೊಗ್ಗದ ಸವಳಂಗ ರಸ್ತೆ, ನಮ್ಮ ಪಕ್ಕದ ಮನೆ, ಖಾಲಾ.

ನಾನು ಇಲ್ಲಿಗೆ ಬಂದದ್ದು ಒಂದು ಚರ್ಚಾಕೂಟಕ್ಕೆ. ವಿಷಯ, ಪ್ರವಾಸೋದ್ಯಮದಿಂದ ದೇಶದ ಏಳಿಗೆ. ನಿನ್ನೆ ಮಾತಾಡಿದವರೆಲ್ಲ ಜೋಗದ ನೀರು, ಪರದೇಶದ ಹಣ, ಕಟ್ಟಬೇಕಾದ ದೊಡ್ಡ ಹೋಟೆಲುಗಳ ಬಗ್ಗೆ ಹೇಳಿ 'ಅತಿಥಿ ದೇವೋ ಭವ' ಎಂದು ಮುಗಿಸಿದರು. ಚಪ್ಪಾಳೆ ಬಿತ್ತು. ನಾನು ತಟ್ಟಲಿಲ್ಲ. ಅತಿಥಿ ದೇವರು, ಒಪ್ಪಿದೆ. ಆ ದೇವರಿಗೆ ಹಾಸಿಗೆ ಹಾಸುವವಳು ಯಾರು? ಅವಳ ಹೆಸರು ಯಾವ ಭಾಷಣದಲ್ಲಿ ಬಂತು? ಇವತ್ತು ನನ್ನ ಸರದಿ.

ಖಾಲಾ ಎಂದರೆ ಚಿಕ್ಕಮ್ಮ. ಅವರು ಮುಸಲ್ಮಾನರು, ನಾವಲ್ಲ. ಆದರೂ ಬೀದಿಯ ಮಕ್ಕಳಿಗೆಲ್ಲ ಅವರು ಖಾಲಾನೇ. ಲಾರಿ ಓಡಿಸುತ್ತಿದ್ದ ಗಂಡ ತೀರಿಕೊಂಡ ಮೇಲೆ ತಮ್ಮ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ಎರಡು ಮಂಚ ಹಾಕಿದರು. ಸಂಜೆಯ ರೈಲಿಗೆ ಬಂದಿಳಿದು ಬೆಳಗಿನ ಜೋಗದ ಬಸ್ಸಿಗೆ ಕಾಯುವವರು ಅಲ್ಲಿ ಉಳಿಯುತ್ತಿದ್ದರು. ಪೇಟೆಯ ಲಾಡ್ಜುಗಳಲ್ಲಿ ಮೊದಲು ಜಾತಿ ಕೇಳುತ್ತಿದ್ದ ಕಾಲ ಅದು. ಖಾಲಾ ಕೇಳುತ್ತಿದ್ದುದು ಬೇರೆ: "ಚಾ ಈಗ್ಲೇ ಬೇಕಾ, ಕಾಲು ತೊಳ್ಕೊಂಡ್ಮೇಲಾ?"

ಅತಿಥಿ ಎದ್ದು ಹೋದ ಕೂಡಲೆ ಚಾದರ ನೀರಿಗೆ ಬೀಳಬೇಕು. ಒಬ್ಬರು ಮಲಗಿದ ಚಾದರದ ಮೇಲೆ ಇನ್ನೊಬ್ಬರು ಮಲಗುವ ಹಾಗಿಲ್ಲ. ಎಂಥ ಚಳಿಯಲ್ಲೂ ಅದು ತಪ್ಪಲಿಲ್ಲ. ಆ ಎರಡು ಮಂಚದಿಂದ ಹಾಲಿನವಳಿಗೆ ದಿನವೂ ಹಾಲು ಹಾಕುವ ವರ್ತನೆ ಮನೆ ಒಂದು ಹೆಚ್ಚಾಯಿತು, ಬೇಕರಿಯವನ ಬನ್ನು ಖರ್ಚಾಯಿತು, ನಿಲ್ದಾಣದ ಜಟಕಾದವನಿಗೆ ದಿನವೂ ಗಿರಾಕಿ ಸಿಕ್ಕಿತು. ದೇಶದ ಏಳಿಗೆ ಅನ್ನುವುದನ್ನು ನಾನು ಮೊದಲು ಕಂಡದ್ದು ಅಲ್ಲಿ.

ಬೀದಿಯ ಹಿರಿಯರಿಗೆ ಕಂಡದ್ದು ಬೇರೆ. ಒಂದು ಸಂಜೆ ಅವರ ಪೈಕಿ ಕೆಲವರು, ನಮ್ಮಪ್ಪನೂ ಸೇರಿ, ಖಾಲಾನ ಜಗಲಿಗೆ ಬಂದರು. ಆ ಬೀದಿಯಲ್ಲಿ ಎರಡೂ ಮತದವರು ಅಷ್ಟು ಒಮ್ಮತದಿಂದ ಕೂತದ್ದನ್ನು ನಾನು ಮತ್ತೆ ನೋಡಲಿಲ್ಲ.

"ಮುಸಾಫಿರರಿಗೆ ಜಾಗ ಕೊಡೋದು ಪುಣ್ಯದ ಕೆಲಸಾನೇ ಕಣಮ್ಮ. ಕಾಸು ತಗೊಂಡ್ರೆ ಮಾತ್ರ ಜನ ಬೇರೆ ಥರ ಮಾತಾಡ್ತಾರೆ," ಎಂದರು ಮಸೀದಿಯ ಕಡೆಯ ಹಿರಿಯರೊಬ್ಬರು.

"ಪುಣ್ಯಕ್ಕೂ ಅಕ್ಕಿ ಬೇಕಲ್ಲ ಭಾಯ್. ಅಕ್ಕಿ ನೀವು ಕಳಿಸಿ, ಪುಣ್ಯ ನಾನು ಮಾಡ್ತೀನಿ."

ಅಪ್ಪ ಕೆಮ್ಮಿದರು. "ಗುರುತಿಲ್ಲದ ಗಂಡಸರು ಬಂದು ಹೋಗ್ತಾರೆ. ನಮ್ಮನೇಲೂ ಹೆಣ್ಮಗಳಿದಾಳೆ."

ಆ ಹೆಣ್ಮಗಳು ನಾನು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಬಹುಮಾನ ಗೆದ್ದವಳು. ಸುಮ್ಮನಿರುವುದನ್ನು ನನಗೆ ಯಾರೂ ಕಲಿಸಿರಲಿಲ್ಲ. "ಪೇಟೆ ಲಾಡ್ಜಿನ ಯಜಮಾನ್ರಿಗೂ ಮೂರು ಹೆಣ್ಮಕ್ಕಳು ಅಪ್ಪಾ. ಅಲ್ಲಿಗೆ ಯಾವಾಗ ಹೋಗ್ತೀರಿ ಹೇಳೋಕೆ?"

"ಅವರದು ವ್ಯಾಪಾರ ಕಣೇ!"

"ಇವರದು?"

ಅಪ್ಪ ಚಪ್ಪಲಿ ಮೆಟ್ಟಿದರು. ಎದ್ದು ಹೋಗುವಾಗ ಹಿರಿಯರು ರಾಜಿಯ ಮಾತಾಡಿದರು: ಆ ಚಾದರಗಳನ್ನಾದರೂ ಹಿತ್ತಲಲ್ಲೇ ಒಣಗಿಸಲಿ, ಹೋಗಿ ಬರುವವರ ಕಣ್ಣಿಗೆ ಬೀಳದಿರಲಿ.

ಅಲ್ಲಿಯವರೆಗೆ ಅವು ಒಣಗುತ್ತಿದ್ದದ್ದು ಹಿತ್ತಲಲ್ಲೇ! ಅದನ್ನು ನೋಡುವ ಗೋಜಿಗೂ ಅವರು ಹೋಗಿರಲಿಲ್ಲ. ಮರುದಿನ ಬೆಳಗ್ಗೆ ಖಾಲಾ ಹಗ್ಗ ಬಿಚ್ಚಿ ತಂದು ಮುಂದಿನ ಕಿಟಕಿಯ ಸರಳಿನಿಂದ ರಸ್ತೆ ಬದಿಯ ಬೇವಿನ ಮರಕ್ಕೆ ಬಿಗಿದರು. ಇದ್ದಬದ್ದ ಚಾದರಗಳೆಲ್ಲ ಸವಳಂಗ ರಸ್ತೆಗೆ ಮುಖ ಮಾಡಿ ಹಾರಾಡಿದವು.

"ಏನ್ ಖಾಲಾ ಇದು?" ಅಂದೆ.

"ನೋಡ್ಲಿ ಮಾರಾಯ್ತಿ. ಎಷ್ಟು ಬೆಳ್ಳಗೆ ಒಗ್ದಿದೀನಿ ಅಂತ ಊರೇ ನೋಡ್ಲಿ."

ವಾದ ನಾವು ಗೆದ್ದೆವು. ಮನೆ ಮಾತ್ರ ಮನೆಯ ಮಾಲೀಕನದು. ಹಿರಿಯರು ಅವನ ಕಿವಿಗೆ ಏನು ಹಾಕಿದರೋ... ಮಳೆಗಾಲಕ್ಕೆ ಮುಂಚೆ ಖಾಲಿ ಮಾಡಿಸಿದ. ಮಂಚಗಳನ್ನು ಗಾಡಿಗೆ ಏರಿಸಿ, ಮಡಿಸಿದ ಚಾದರಗಳನ್ನು ಮಡಿಲಲ್ಲಿಟ್ಟುಕೊಂಡು ಖಾಲಾ ಭದ್ರಾವತಿಯ ತಮ್ಮನ ಮನೆಗೆ ಹೋದರು. ಗಾಡಿ ರಸ್ತೆಯ ತಿರುವಿನಲ್ಲಿ ಮರೆಯಾಗುವವರೆಗೂ ಹಿಂದೆ ನೋಡಲಿಲ್ಲ. ಕಾರ್ಖಾನೆಯ ಕೆಲಸಗಾರನ ಪುಟ್ಟ ಮನೆ. ಅಲ್ಲಿ ಅತಿಥಿಗೆ ಜಾಗವೆಲ್ಲಿ? ಅಲ್ಲೇ ತೀರಿಕೊಂಡರಂತೆ. ಸುದ್ದಿ ನನಗೆ ತಲುಪಿದ್ದು ತಡವಾಗಿ.

ಹೋಟೆಲು ಬರಲಿ, ಪರದೇಶದವರೂ ಬರಲಿ, ಬೇಡ ಎನ್ನುವವಳಲ್ಲ ನಾನು. ಆದರೆ ಒಬ್ಬ ಹೆಂಗಸಿನ ಎರಡು ಮಂಚ ಸಹಿಸದ ಊರು ನೂರು ಕೋಣೆಯ ಕನಸು ಕಾಣುವಾಗ, ಎದ್ದು ನಿಂತು ಕೇಳಲೇಬೇಕು. ಇವತ್ತು ಕೇಳುತ್ತೇನೆ.

ಬೆಳಗ್ಗೆ ಎದ್ದು ನಾನು ಮಲಗಿದ ಚಾದರವನ್ನು ನಾನೇ ಒಗೆದು ಮುಂದಿನ ವರಾಂಡದ ಕಟಕಟೆಯ ಮೇಲೆ ಹರವಿದೆ. ಕಾವಲಿನ ಮುದುಕ ಓಡಿ ಬಂದ. "ಅಯ್ಯೋ ಅಮ್ಮಾ, ದೊಡ್ಡೋರ ಕಾರು ಬರೋ ಹೊತ್ತು! ಹಿಂದ್ಗಡೆ ಹಾಕ್ಬಾರ್ದಾ?"

"ನೋಡ್ಲಿ ಬಿಡಪ್ಪ," ಅಂದೆ.

ಇದನ್ನು ಬರೆಯುವಾಗ ಅದರಿಂದ ಇನ್ನೂ ನೀರು ತೊಟ್ಟಿಕ್ಕುತ್ತಿದೆ. ಖಾಲಾನ ಹಾಗೆ ಹಿಂಡಲು ನನಗೆ ಬರಲಿಲ್ಲ.